ರಾತ್ರಿ ಎಂಟಕ್ಕೆ ಇಳಿಯುತ್ತಿದ್ದ ಗೆರೆ

ನಮ್ಮೂರಿಗೆ ಫೈಬರ್ ನೆಟ್ ಬಂದ ಹೊಸತು. ರಾತ್ರಿ ಎಂಟಾದರೆ ಸಾಕು, ವಿಡಿಯೊ ಸುತ್ತುತ್ತಾ ನಿಂತುಬಿಡುತ್ತಿತ್ತು. ನಾಲ್ಕೈದು ಜನ ಸೇರಿ ಕೇಬಲ್ ಆಫೀಸಿಗೆ ಹೋದೆವು. ಅಲ್ಲಿದ್ದ ಹುಡುಗ ಕಂಪ್ಯೂಟರ್ ನಮ್ಮ ಕಡೆ ತಿರುಗಿಸಿದ. "ನೋಡಿ ಅಣ್ಣಾ, ಮಧ್ಯಾಹ್ನ 80 ಎಂಬಿ ಹೋಗ್ತಿತ್ತು, ರಾತ್ರಿ ಬರೀ 35. ಲೈನ್ ಖಾಲಿ ಇದೆ, ನಿಮ್ಮ ಮೊಬೈಲೇ ಸರಿಯಿಲ್ಲ." ಗೆರೆ ನಿಜಕ್ಕೂ ಕೆಳಗಿತ್ತು. ಸುಮ್ಮನೆ ವಾಪಸ್ ಬಂದೆವು.

ಪಾಪ, ಹುಡುಗ ಕಂಡದ್ದನ್ನೇ ಹೇಳಿದ್ದ. ತಪ್ಪು ಬಹಳ ಹಳೆಯದು.

ನೆಟ್‌ವರ್ಕ್ ಯಂತ್ರಗಳನ್ನು ದೂರದಿಂದಲೇ ವಿಚಾರಿಸುವ ಎಸ್‌ಎನ್‌ಎಂಪಿ ಎಂಬ ಪದ್ಧತಿ ಬಂದದ್ದು 1988ರಲ್ಲಿ. ರೂಟರಿನ ಒಂದೊಂದು ಪೋರ್ಟಿಗೂ ಒಂದು ಎಣಿಕೆ ಮೀಟರ್. ಅದಕ್ಕೆ ವೇಗ ಗೊತ್ತಿಲ್ಲ, ಎಷ್ಟು ಬೈಟ್ ಹೋಯಿತು ಎಂದು ಎಣಿಸುತ್ತಾ ಹೋಗುತ್ತದೆ ಅಷ್ಟೆ. ಮನೆಯ ಕರೆಂಟ್ ಮೀಟರಿನ ಹಾಗೆ: ಈ ತಿಂಗಳ ರೀಡಿಂಗಿನಲ್ಲಿ ಹೋದ ತಿಂಗಳದ್ದು ಕಳೆದರೆ ಬಿಲ್ಲು.

1994ರಲ್ಲಿ ಇಂಗ್ಲೆಂಡಿನ ಲೆಸ್ಟರ್ ಊರಿನ ಡಿ ಮಾಂಟ್‌ಫರ್ಟ್ ವಿಶ್ವವಿದ್ಯಾಲಯದಲ್ಲಿ ಟೋಬಿಯಾಸ್ ಓಟಿಕರ್ ಎಂಬಾತ ಕೆಲಸದಲ್ಲಿದ್ದ. ಅಷ್ಟು ದೊಡ್ಡ ಸಂಸ್ಥೆಗೆ ಹೊರಗಿನ ಜಗತ್ತಿಗೆ ಇದ್ದದ್ದು 64 ಕಿಲೋಬಿಟ್‌ನ ಒಂದೇ ಲೈನು. ಅದೆಷ್ಟು ತುಂಬಿದೆ ಎಂದು ಎಲ್ಲರಿಗೂ ಕುತೂಹಲ. ಮೀಟರ್ ಓದಿ ವೆಬ್ ಪುಟದಲ್ಲಿ ಗೆರೆ ಎಳೆಯುವ ಪುಟ್ಟ ಪ್ರೋಗ್ರಾಂ ಬರೆದ. 1995ರಲ್ಲಿ ಅದನ್ನು ಎಂಆರ್‌ಟಿಜಿ ಎಂಬ ಹೆಸರಲ್ಲಿ ಎಲ್ಲರಿಗೂ ಬಿಟ್ಟ. ಐದು ನಿಮಿಷಕ್ಕೊಮ್ಮೆ ರೀಡಿಂಗ್, ಒಳಬರುವುದಕ್ಕೆ ಹಸಿರು, ಹೊರಹೋಗುವುದಕ್ಕೆ ನೀಲಿ. ದುಡ್ಡಿಲ್ಲದೆ ಸಿಗುತ್ತಿದ್ದುದರಿಂದ ಬೇಗ ಹರಡಿತು.

ಈಗ ಮೀಟರಿನ ವಿಷಯ. ಹಳೇ ಮೀಟರ್ 32 ಬಿಟ್‌ನದು. 429 ಕೋಟಿ ಬೈಟ್ ಎಣಿಸಿ ಮತ್ತೆ ಸೊನ್ನೆಗೆ ಬರುತ್ತದೆ, ಹಳೇ ಬೈಕಿನ ಕಿಲೋಮೀಟರ್ ಮೀಟರ್ 99,999 ದಾಟಿದ ಹಾಗೆ. ಲೆಸ್ಟರಿನ ಆ ಲೈನು ಪೂರ್ತಿ ತುಂಬಿ ಹರಿದರೂ ಒಂದು ಸುತ್ತಿಗೆ ಆರು ದಿನ ಬೇಕಿತ್ತು. 10 ಮೆಗಾಬಿಟ್ ಲೈನಿಗೆ 57 ನಿಮಿಷ ಸಾಕು. 100ಕ್ಕೆ ಆರು ನಿಮಿಷದೊಳಗೆ. ಒಂದು ಗಿಗಾಬಿಟ್ಟಿಗೆ 34 ಸೆಕೆಂಡ್!

ರೀಡಿಂಗ್ ಹಿಂದಿನದಕ್ಕಿಂತ ಕಮ್ಮಿ ಬಂದರೆ ಮೀಟರ್ ಸೊನ್ನೆ ದಾಟಿದೆ ಎಂದು ಸಾಫ್ಟ್‌ವೇರ್ ಊಹಿಸಿಕೊಳ್ಳುತ್ತದೆ. ಆದರೆ ಐದು ನಿಮಿಷದಲ್ಲಿ ಇಡೀ ಒಂದು ಸುತ್ತು ಮುಗಿದು ಇನ್ನೂ ಮುಂದೆ ಹೋಗಿದ್ದರೆ ಆ ಸುತ್ತು ಲೆಕ್ಕಕ್ಕೇ ಸಿಗುವುದಿಲ್ಲ. ಐದು ನಿಮಿಷಕ್ಕೆ ಒಂದು ಸುತ್ತು ಎಂದರೆ ಸುಮಾರು 114.5 ಮೆಗಾಬಿಟ್ ವೇಗ. 150 ಹರಿದರೆ ಗೆರೆ ತೋರಿಸುವುದು ಮಿಕ್ಕ 35 ಮಾತ್ರ. ಜನ ಹೆಚ್ಚಾದಷ್ಟೂ ಲೈನು ಖಾಲಿ ಕಾಣುತ್ತದೆ.

ಇದು ತಿಳಿಯದ ವಿಷಯವೇನಲ್ಲ. 64 ಬಿಟ್‌ನ ಹೊಸ ಮೀಟರನ್ನು 1994ರಲ್ಲೇ ನಿಯಮಕ್ಕೆ ಸೇರಿಸಿದ್ದರು. ಗಿಗಾಬಿಟ್ ಲೈನಿನಲ್ಲೂ ಅದು ಒಂದು ಸುತ್ತು ಹಾಕಲು ನಾಲ್ಕು ಸಾವಿರಕ್ಕೂ ಹೆಚ್ಚು ವರ್ಷ ಬೇಕು. ತೊಡಕೆಂದರೆ, ಎಸ್‌ಎನ್‌ಎಂಪಿಯ ಮೊದಲ ಆವೃತ್ತಿಗೆ ಅಷ್ಟು ದೊಡ್ಡ ಸಂಖ್ಯೆಯನ್ನು ಹೊತ್ತು ತರಲು ಬರುವುದಿಲ್ಲ. ರೂಟರಿನಲ್ಲಿ ಎರಡೂ ಮೀಟರ್ ಇರುತ್ತವೆ, ಸಾಫ್ಟ್‌ವೇರ್ ಮಾತ್ರ ಹಳೇ ಆವೃತ್ತಿಯಲ್ಲಿ ಹಳೇ ಮೀಟರನ್ನೇ ಕೇಳುತ್ತಿರುತ್ತದೆ.

ಕರೆಂಟ್ ಹೋದರೆ ಇನ್ನೊಂದು ಆಟ. ರೂಟರ್ ಮತ್ತೆ ಶುರುವಾದಾಗ ಮೀಟರ್ ಸೊನ್ನೆಯಿಂದ ಎಣಿಸುತ್ತದೆ. ಸುತ್ತು ಮುಗಿಯಿತೆಂದು ಸಾಫ್ಟ್‌ವೇರ್ ಮೋಸಹೋದರೆ ಗೆರೆ ತೆಂಗಿನ ಮರದಷ್ಟೆತ್ತರ ಹಾರುತ್ತದೆ. ಓಟಿಕರ್ 1999ರಲ್ಲಿ ಹೊರತಂದ ಆರ್‌ಆರ್‌ಡಿಟೂಲ್‌ನಲ್ಲಿ ಇದಕ್ಕೊಂದು ಮದ್ದಿದೆ: ಲೈನಿನ ಗರಿಷ್ಠ ವೇಗ ಬರೆದಿಟ್ಟರೆ, ಅದನ್ನು ಮೀರಿದ ಲೆಕ್ಕವನ್ನು 'ಗೊತ್ತಿಲ್ಲ' ಎಂದು ಖಾಲಿ ಬಿಡುತ್ತದೆ. ನನಗಂತೂ ಈ ಖಾಲಿ ಜಾಗ ಇಷ್ಟ.

ನಮ್ಮೂರಲ್ಲಿ ಇದನ್ನು ಹಿಡಿದದ್ದು ಡಿಪ್ಲೊಮಾ ಓದುತ್ತಿದ್ದ ಹುಡುಗಿ. ಮಧ್ಯಾಹ್ನಕ್ಕಿಂತ ರಾತ್ರಿ ಕಮ್ಮಿ ಹೇಗೆ ಆಗುತ್ತೆ ಎಂದು ಆಫೀಸಿನಲ್ಲಿ ಕೂತು ಕೇಳಿದಳು. ಆವೃತ್ತಿ ಎರಡಕ್ಕೆ ಬದಲಿಸಿ, 64 ಬಿಟ್ ಮೀಟರ್ ಆರಿಸಿಸಿದಳು. ಮರುದಿನ ರಾತ್ರಿ ಎಂಟಕ್ಕೆ ಗೆರೆ 150ಕ್ಕೆ ಏರಿ, ಹತ್ತೂವರೆವರೆಗೆ ಅಲ್ಲೇ ಹಲಗೆಯಂತೆ ನಿಂತಿತ್ತು. ಅವರು ಮೇಲಿನವರಿಂದ ಕೊಂಡಿದ್ದದ್ದೇ 150.