ಗೋಡೆ ಸಿಗದಾಗ ಪುಟ: ಹಾನ್ಸ್ ಹಾಕೆ ಕುರಿತ ಪ್ರಕಟಣೆಗಳ ಚರಿತ್ರೆ

1971ರ ಏಪ್ರಿಲ್ 30ರಂದು ನ್ಯೂಯಾರ್ಕಿನ ಗುಗೆನ್‌ಹೈಮ್ ಮ್ಯೂಸಿಯಂನಲ್ಲಿ ಜರ್ಮನ್ ಶಿಲ್ಪಿ ಹಾನ್ಸ್ ಹಾಕೆಯವರ ಏಕವ್ಯಕ್ತಿ ಪ್ರದರ್ಶನ ಆರಂಭವಾಗಬೇಕಿತ್ತು. ಆಗಲಿಲ್ಲ. ಇನ್ನು ಕೆಲವೇ ವಾರಗಳಿವೆ ಎನ್ನುವಾಗ ಮ್ಯೂಸಿಯಂನ ನಿರ್ದೇಶಕ ಥಾಮಸ್ ಮೆಸ್ಸರ್ ಅದನ್ನು ರದ್ದು ಮಾಡಿದರು. ಕಲಾವಿದರ ಪರ ನಿಂತ ಕ್ಯುರೇಟರ್ ಎಡ್ವರ್ಡ್ ಫ್ರೈ ಕೆಲಸ ಕಳೆದುಕೊಂಡರು. ಮರುವರ್ಷ ಕಲೋನ್ ನಗರದ ಡ್ಯುಮಾಂಟ್ ಪ್ರಕಾಶನ ಹಾಕೆಯವರ ಕೃತಿಗಳ ಕುರಿತು ಒಂದು ಜರ್ಮನ್ ಪುಸ್ತಕ ಹೊರತಂದಿತು. ಅದಕ್ಕೆ ಪ್ರಸ್ತಾವನೆ ಬರೆದವರು ಅದೇ ಎಡ್ವರ್ಡ್ ಫ್ರೈ.

ಕಲಾಲೋಕದಲ್ಲಿ ಸಾಮಾನ್ಯವಾಗಿ ಪ್ರದರ್ಶನಕ್ಕೇ ಮೊದಲ ಸ್ಥಾನ, ಪುಸ್ತಕ ಅದರ ಬೆನ್ನಿಗೆ ಬರುವಂಥದ್ದು. ಗೋಡೆಯ ಮೇಲಿದ್ದುದನ್ನು ನೆನಪಿಗಾಗಿ ಅಚ್ಚು ಮಾಡಿಡುವುದು ಕ್ಯಾಟಲಾಗಿನ ಕೆಲಸ. ಹಾಕೆಯವರ ವಿಷಯದಲ್ಲಿ ಈ ಕ್ರಮ ಮತ್ತೆ ಮತ್ತೆ ತಿರುವುಮುರುವಾಗಿದೆ. ಗೋಡೆ ನಿರಾಕರಿಸಿದ್ದನ್ನು ಪುಟ ಉಳಿಸಿಕೊಂಡಿತು. ನಿರಾಕರಣೆಯ ಪತ್ರಗಳನ್ನೂ ಜೊತೆಗೆ ಕಾಪಿಟ್ಟಿತು. ಅವರ ಕುರಿತ ಪುಸ್ತಕಗಳನ್ನು ಕಾಲಕ್ರಮದಲ್ಲಿ ಓದುತ್ತ ಹೋದರೆ, ಕಳೆದ ಅರ್ಧ ಶತಮಾನದಲ್ಲಿ ಮ್ಯೂಸಿಯಂ, ಬಂಡವಾಳ ಮತ್ತು ಕಲೆಯ ಸಂಬಂಧ ಹೇಗೆಲ್ಲ ಬದಲಾಯಿತು ಎಂಬುದರ ದಾಖಲೆಯೇ ಕೈಗೆ ಸಿಗುತ್ತದೆ.

ಆರಂಭದ ಬರಹಗಳಲ್ಲಿ ಜಗಳದ ಸುಳಿವಿಲ್ಲ. 1936ರಲ್ಲಿ ಕಲೋನಿನಲ್ಲಿ ಹುಟ್ಟಿದ ಹಾಕೆ ಕಾಸೆಲ್‌ನಲ್ಲಿ ಕಲಿತು 1965ರಲ್ಲಿ ನ್ಯೂಯಾರ್ಕಿನಲ್ಲಿ ನೆಲೆಸಿದರು. ಆಗ ಅವರ ಆಸಕ್ತಿ ನೀರು, ಗಾಳಿ, ಆವಿ, ಹುಲ್ಲು. 1963–65ರ ‘ಕಂಡೆನ್ಸೇಷನ್ ಕ್ಯೂಬ್’ ಒಂದು ಮುಚ್ಚಿದ ಪಾರದರ್ಶಕ ಪೆಟ್ಟಿಗೆ. ತಳದಲ್ಲಿ ತುಸು ನೀರು. ಕೋಣೆಯ ಬಿಸಿಲು, ದೀಪ, ಜನರ ಮೈಶಾಖ ತಾಗಿ ನೀರು ಆವಿಯಾಗುತ್ತದೆ, ಒಳಗೋಡೆಗೆ ಹನಿಗಟ್ಟುತ್ತದೆ, ಹನಿ ಭಾರವಾಗಿ ಜಾರುತ್ತದೆ, ಜಾರಿದ ಗೆರೆಯ ಮೇಲೆ ಹೊಸ ಹನಿ ಮೂಡುತ್ತದೆ. ಇದು ಎಂದೂ ಒಂದೇ ಸ್ಥಿತಿಯಲ್ಲಿ ನಿಲ್ಲದ ಶಿಲ್ಪ. ಇಂಥ ಕೃತಿಗಳನ್ನು ಮೊದಲು ಗಂಭೀರವಾಗಿ ಓದಿದವರು ಅಮೆರಿಕದ ವಿಮರ್ಶಕ ಜ್ಯಾಕ್ ಬರ್ನಮ್. 1967ರಲ್ಲಿ ಹಾಕೆಯವರ ಗಾಳಿ ಮತ್ತು ನೀರಿನ ಶಿಲ್ಪಗಳ ಬಗ್ಗೆ ‘ಟ್ರೈ-ಕ್ವಾರ್ಟರ್ಲಿ’ ಪತ್ರಿಕೆಯ ಪುರವಣಿಯಾಗಿ ಒಂದು ಕಿರುಪುಸ್ತಕ ಬರೆದರು. ಮರುವರ್ಷದ ‘ಬಿಯಾಂಡ್ ಮಾಡರ್ನ್ ಸ್ಕಲ್ಪ್ಚರ್’ ಗ್ರಂಥದಲ್ಲೂ ‘ಆರ್ಟ್‌ಫೋರಂ’ ಪತ್ರಿಕೆಯ ಲೇಖನದಲ್ಲೂ ವ್ಯವಸ್ಥೆಯನ್ನೇ ಕಲೆಯಾಗಿ ನೋಡುವ ವಾದವನ್ನು ಬೆಳೆಸಿದರು. ಜೀವವಿಜ್ಞಾನಿ ಲುಡ್ವಿಗ್ ಫಾನ್ ಬೆರ್ಟಲಾನ್ಫಿಯವರ ವ್ಯವಸ್ಥಾ ಸಿದ್ಧಾಂತ ಆಗ ಎಲ್ಲರ ಬಾಯಲ್ಲಿತ್ತು. ಒಂದು ಭಾಗ ಅಲುಗಿದರೆ ಉಳಿದೆಲ್ಲ ಭಾಗಗಳೂ ಅಲುಗುತ್ತವೆ ಎಂಬ ಅದರ ತಿರುಳನ್ನು ಹಾಕೆ ಅಕ್ಷರಶಃ ಕೈಯಲ್ಲಿ ಮಾಡಿ ತೋರಿಸುತ್ತಿದ್ದರು.

ನೀರಿಗೆ ಅನ್ವಯಿಸಿದ ಆ ನಿಯಮ ಸಮಾಜಕ್ಕೂ ಅನ್ವಯಿಸಬೇಕಲ್ಲವೇ? 1970ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ನಡೆಸಿದ ‘ಇನ್ಫರ್ಮೇಷನ್’ ಪ್ರದರ್ಶನದಲ್ಲಿ ಹಾಕೆ ಎರಡು ಪಾರದರ್ಶಕ ಮತಪೆಟ್ಟಿಗೆಗಳನ್ನಿಟ್ಟರು. ಪ್ರಚಲಿತ ರಾಜಕೀಯ ವಿಷಯವೊಂದರ ಬಗ್ಗೆ ಪ್ರಶ್ನೆ ಕೇಳಲಾಗುವುದು ಎಂದಷ್ಟೇ ಕ್ಯಾಟಲಾಗಿನಲ್ಲಿ ಅಚ್ಚಾಗಿತ್ತು. ಪ್ರಶ್ನೆ ಯಾವುದೆಂದು ಇರಲಿಲ್ಲ. ಅದು ಗೋಡೆಗೆ ಬಂದಾಗ ಹೀಗಿತ್ತು: ಅಧ್ಯಕ್ಷ ನಿಕ್ಸನ್ನರ ಇಂಡೋಚೀನಾ ನೀತಿಯನ್ನು ಗವರ್ನರ್ ರಾಕ್‌ಫೆಲ್ಲರ್ ಖಂಡಿಸಿಲ್ಲ ಎಂಬ ಕಾರಣಕ್ಕೆ ನವೆಂಬರಿನಲ್ಲಿ ನೀವು ಅವರಿಗೆ ಮತ ಹಾಕದಿರುವಿರಾ? ರಾಕ್‌ಫೆಲ್ಲರ್ ಕುಟುಂಬವೇ ಆ ಮ್ಯೂಸಿಯಂನ ಬೆನ್ನೆಲುಬು. ಕೊನೆಯಲ್ಲಿ 25,566 ಮಂದಿ ಹೌದು ಎಂದಿದ್ದರು, 11,563 ಮಂದಿ ಇಲ್ಲ ಎಂದಿದ್ದರು.

ಗುಗೆನ್‌ಹೈಮ್ ರದ್ದು ಮಾಡಿದ ಪ್ರದರ್ಶನದ ಕೇಂದ್ರದಲ್ಲಿದ್ದ ಕೃತಿಯ ಹೆಸರೇ ಒಂದು ಕಡತದ ಶೀರ್ಷಿಕೆಯಂತಿದೆ: ‘ಶಪೋಲ್ಸ್ಕಿ ಮತ್ತಿತರರ ಮ್ಯಾನ್‌ಹಟನ್ ಸ್ಥಿರಾಸ್ತಿಗಳು, 1971ರ ಮೇ 1ರಲ್ಲಿದ್ದಂತೆ ಒಂದು ಸಾಮಾಜಿಕ ವ್ಯವಸ್ಥೆ’. 142 ಕಪ್ಪು-ಬಿಳುಪು ಛಾಯಾಚಿತ್ರಗಳು, ಹೆಚ್ಚಿನವು ಬಡವರ ಕೇರಿಗಳ ವಠಾರಗಳದ್ದು. ಪ್ರತಿ ಚಿತ್ರದೊಂದಿಗೆ ಟೈಪ್ ಮಾಡಿದ ಒಂದು ಹಾಳೆ. ಅದರಲ್ಲಿ ವಿಳಾಸ, ಬ್ಲಾಕ್ ಮತ್ತು ನಿವೇಶನದ ಸಂಖ್ಯೆ, ಅಳತೆ, ಕಟ್ಟಡದ ಬಗೆ, ಹಕ್ಕುದಾರ ಕಂಪನಿ, ಕೊಂಡ ತಾರೀಖು, ಅಡಮಾನ, ತೆರಿಗೆಗಾಗಿ ನಿಗದಿಯಾದ ಮೌಲ್ಯ. ನಮ್ಮ ಪಹಣಿಯಷ್ಟೇ ಒಣ ಭಾಷೆ. ಒಂದು ವಿಶೇಷಣವೂ ಇಲ್ಲ, ಒಂದು ಆರೋಪವೂ ಇಲ್ಲ. ಎಲ್ಲವೂ ಸರ್ಕಾರಿ ಕಚೇರಿಯಲ್ಲಿ ಯಾರು ಬೇಕಾದರೂ ಕೇಳಿ ನೋಡಬಹುದಾದ ದಾಖಲೆಗಳಿಂದ ಎತ್ತಿಕೊಂಡದ್ದು. ಜೊತೆಗಿದ್ದ ನಕ್ಷೆ ಮತ್ತು ಪಟ್ಟಿಗಳನ್ನು ಹಿಡಿದು ಹೊರಟರೆ, ಬೇರೆ ಬೇರೆ ಹೆಸರಿನ ಹತ್ತಾರು ಕಂಪನಿಗಳ ಹಿಂದೆ ಶಪೋಲ್ಸ್ಕಿಯವರ ಒಂದೇ ಬಳಗವಿರುವುದು, ಅಡಮಾನಗಳು ಆ ಬಳಗದೊಳಗೇ ಕೈಯಿಂದ ಕೈಗೆ ಸುತ್ತುವುದು ಕಾಣುತ್ತದೆ. ಮೆಸ್ಸರ್ ಆ ಬಳಿಕ ಬರೆದ ಸಮರ್ಥನೆಯಲ್ಲಿ ಇದನ್ನು ಮ್ಯೂಸಿಯಂ ಎಂಬ ದೇಹದೊಳಕ್ಕೆ ನುಗ್ಗಿದ ಪರಕೀಯ ವಸ್ತು ಎಂದು ಕರೆದರು.

ಈ ಕೃತಿಯನ್ನು ಉಳಿಸಿದ್ದು ಪತ್ರಿಕೆ ಮತ್ತು ಪುಸ್ತಕ. 1971ರ ಜೂನ್ ತಿಂಗಳ ‘ಆರ್ಟ್‌ಫೋರಂ’ನಲ್ಲಿ ರದ್ದಾದ ಪ್ರದರ್ಶನದ ಬಗ್ಗೆ ಬರ್ನಮ್ ಬರೆದರು, ನಂತರ ಫ್ರೈ ಅವರ ಪ್ರಸ್ತಾವನೆಯಿದ್ದ ಪುಸ್ತಕ ಬಂತು. ಆದರೆ ನಿಜವಾದ ಹೊಸ ದಾರಿ ತೆರೆದದ್ದು 1975ರ ‘ಫ್ರೇಮಿಂಗ್ ಅಂಡ್ ಬೀಯಿಂಗ್ ಫ್ರೇಮ್ಡ್’. ಕೆನಡಾದ ನೋವಾ ಸ್ಕೋಷಿಯಾ ಕಲಾ ಕಾಲೇಜಿನ ಮುದ್ರಣಾಲಯಕ್ಕಾಗಿ ಕಾಸ್ಪರ್ ಕ್ಯೋನಿಗ್ ರೂಪಿಸಿದ ಪುಸ್ತಕಮಾಲೆಯಲ್ಲಿ ಇದು ಬಂತು. 1970ರಿಂದ 75ರವರೆಗಿನ ಏಳು ಕೃತಿಗಳು ಇದರಲ್ಲಿವೆ. ಬರ್ನಮ್ ಅವರ ಪ್ರಬಂಧದ ಪಕ್ಕದಲ್ಲಿ ಹೊವಾರ್ಡ್ ಬೆಕರ್ ಮತ್ತು ಜಾನ್ ವಾಲ್ಟನ್ ಎಂಬ ಇಬ್ಬರು ಸಮಾಜಶಾಸ್ತ್ರಜ್ಞರ ಪ್ರಬಂಧವಿದೆ. ಒಬ್ಬ ಶಿಲ್ಪಿಯ ಪುಸ್ತಕಕ್ಕೆ ಸಮಾಜಶಾಸ್ತ್ರಜ್ಞರನ್ನು ಕರೆದದ್ದು ಆ ಕಾಲಕ್ಕೆ ದಿಟ್ಟ ನಿರ್ಧಾರ. ಅವರು ಕೃತಿಯ ಅಂದಚಂದದ ಗೊಡವೆಗೆ ಹೋಗದೆ, ಮಾಹಿತಿ ಕಲೆಹಾಕುವ ವಿಧಾನದ ಬಗ್ಗೆ, ಅಧಿಕಾರದ ಜಾಲವನ್ನು ಬಯಲಿಗಿಡುವ ಬಗೆಯ ಬಗ್ಗೆ ತಮ್ಮ ಶಾಸ್ತ್ರದ ಕಡೆಯಿಂದ ಬರೆದರು.

ಅದೇ ಪುಸ್ತಕದಲ್ಲಿ ಕಲೋನಿನ ಪ್ರಕರಣವೂ ಇದೆ. 1974ರಲ್ಲಿ ವಾಲ್ರಾಫ್-ರಿಶಾರ್ಟ್ಸ್ ಮ್ಯೂಸಿಯಂನ 150ನೇ ವರ್ಷದ ಅಂಗವಾಗಿ ಏರ್ಪಟ್ಟ ‘ಪ್ರೊಯೆಕ್ಟ್ 74’ಕ್ಕೆ ಹಾಕೆ ಒಂದು ಕೃತಿ ಸೂಚಿಸಿದರು. ಮ್ಯೂಸಿಯಂನ ಒಡವೆಯಾದ ಎಡ್ವಾರ್ ಮಾನೆಯ 1880ರ ಚಿತ್ರ ‘ಶತಾವರಿಯ ಕಟ್ಟು’ ಒಂದು ಈಸೆಲ್ ಮೇಲೆ. ಸುತ್ತ ಗೋಡೆಯ ಮೇಲೆ ಹತ್ತು ಫಲಕಗಳು. ಚಿತ್ರವನ್ನು ಮೊದಲು ಕೊಂಡ ಶಾರ್ಲ್ ಎಫ್ರುಸಿಯಿಂದ ಹಿಡಿದು ಬರ್ಲಿನ್ನಿನ ಯಹೂದಿ ಚಿತ್ರಕಾರ ಮಾಕ್ಸ್ ಲೀಬರ್‌ಮಾನ್, ಅವರ ಮಗಳು, ಮೊಮ್ಮಗಳವರೆಗೆ ಅದು ಯಾರ ಯಾರ ಕೈ ದಾಟಿ ಬಂತು, ಪ್ರತಿಯೊಬ್ಬರ ಸಾಮಾಜಿಕ ಮತ್ತು ಆರ್ಥಿಕ ಸ್ಥಾನ ಏನಾಗಿತ್ತು ಎಂಬುದನ್ನು ಫಲಕಗಳು ಹೇಳುತ್ತವೆ. ಕೊನೆಯ ಭಾಗದಲ್ಲಿ ಬರುವವರು ಹೆರ್ಮಾನ್ ಯೋಸೆಫ್ ಆಬ್ಸ್. 1968ರಲ್ಲಿ ಚಿತ್ರವನ್ನು ಮ್ಯೂಸಿಯಂಗೆ ದೊರಕಿಸಿಕೊಟ್ಟ ಪೋಷಕ ಮಂಡಳಿಯ ಅಧ್ಯಕ್ಷರು. ಯುದ್ಧಾನಂತರದ ಜರ್ಮನಿಯ ಅತಿ ಪ್ರಭಾವಿ ಬ್ಯಾಂಕರ್. ನಾಜಿ ಆಳ್ವಿಕೆಯ ಕಾಲದಲ್ಲೂ ಡಾಯ್ಚ ಬ್ಯಾಂಕಿನ ಆಡಳಿತ ಮಂಡಳಿಯಲ್ಲಿದ್ದವರು. ಮ್ಯೂಸಿಯಂ ಕೃತಿಯನ್ನು ಒಪ್ಪಲಿಲ್ಲ. ಮ್ಯೂಸಿಯಂಗೆ ಗೊತ್ತಿರುವುದು ಆತ್ಮದ ಶಕ್ತಿಯೇ ಹೊರತು ಆರ್ಥಿಕ ಶಕ್ತಿಯಲ್ಲ ಎಂಬರ್ಥದ ಉತ್ತರ ಬಂತು. ಹಾಕೆ ಅದನ್ನು ಪೌಲ್ ಮೇನ್ಸ್ ಅವರ ಗ್ಯಾಲರಿಯಲ್ಲಿ, ಮೂಲಚಿತ್ರದ ಬದಲು ಬಣ್ಣದ ಪ್ರತಿಯೊಂದನ್ನಿಟ್ಟು ಪ್ರದರ್ಶಿಸಿದರು. ಫ್ರೆಂಚ್ ಕಲಾವಿದ ಡಾನಿಯೆಲ್ ಬ್ಯುರೆನ್ ಮ್ಯೂಸಿಯಂನೊಳಗಿದ್ದ ತಮ್ಮ ಪಟ್ಟೆಪಟ್ಟೆಯ ಕೃತಿಯ ಮೇಲೆ ಆ ಫಲಕಗಳ ಪ್ರತಿಗಳನ್ನು ಅಂಟಿಸಿದಾಗ, ಮ್ಯೂಸಿಯಂನವರು ಅದರ ಮೇಲೆ ಬಿಳಿ ಹಾಳೆ ಹೊದಿಸಿ ಮುಚ್ಚಿದರು. ಪುಸ್ತಕದ ಪುಟಗಳ ಮೇಲೆ ಬಿಳಿ ಹಾಳೆ ಹೊದಿಸಲು ಯಾರಿಗೂ ಸಾಧ್ಯವಿರಲಿಲ್ಲ.

ಹಾಗೆಂದು ಪುಸ್ತಕವೂ ಅಭಯಧಾಮವಾಗಿರಲಿಲ್ಲ. 1984ರಲ್ಲಿ ಲಂಡನ್ನಿನ ಟೇಟ್ ಗ್ಯಾಲರಿ ಮತ್ತು ಐಂಡ್‌ಹೋವನ್‌ನ ಫಾನ್ ಆಬ್ಬೆ ಮ್ಯೂಸಿಯಂ ಸೇರಿ ಹಾಕೆಯವರ 1978ರಿಂದ 83ರವರೆಗಿನ ಕೃತಿಗಳ ಸಂಪುಟ ಪ್ರಕಟಿಸಿದವು. ಮೊಬಿಲ್ ತೈಲ ಕಂಪನಿಯ ಕಲಾಪೋಷಣೆಯನ್ನು, ದಕ್ಷಿಣ ಆಫ್ರಿಕಾದಲ್ಲಿ ಅದರ ವ್ಯವಹಾರವನ್ನು ಪ್ರಶ್ನಿಸುವ ಕೃತಿಗಳು ಅದರಲ್ಲಿದ್ದವು. ಅವು ಕಂಪನಿಯ ಲಾಂಛನವನ್ನೂ ಜಾಹೀರಾತಿನ ಶೈಲಿಯನ್ನೂ ಬಳಸಿಕೊಂಡಿದ್ದವು. ಕಂಪನಿಯ ವಕೀಲರು ಹಕ್ಕುಸ್ವಾಮ್ಯದ ಮಾತೆತ್ತಿದರು. ಮ್ಯೂಸಿಯಂಗಳು ಕ್ಯಾಟಲಾಗಿನ ವಿತರಣೆಯನ್ನು ನಿಲ್ಲಿಸಿದವು. ಕೆಲಕಾಲದ ನಂತರ ವಿತರಣೆ ಮತ್ತೆ ಆರಂಭವಾಯಿತು. ಈ ಪ್ರಸಂಗ ಗುಗೆನ್‌ಹೈಮ್ ರದ್ದತಿಯಷ್ಟು ಪ್ರಸಿದ್ಧವಲ್ಲ. ಆದರೆ ಪ್ರಕಟಣೆಯ ಚರಿತ್ರೆ ಬರೆಯುವವರಿಗೆ ಇದೇ ಹೆಚ್ಚು ಮುಖ್ಯ. ಪುಸ್ತಕಕ್ಕೆ ಕೃತಿಯಷ್ಟೇ ಹರಿತವಿದೆ ಎಂಬುದನ್ನು ಕಲಾವಿಮರ್ಶಕರಿಗಿಂತ ಮೊದಲು ಕಂಡುಕೊಂಡವರು ಕಂಪನಿಯ ವಕೀಲರು.

1986ರಲ್ಲಿ ನ್ಯೂಯಾರ್ಕಿನ ನ್ಯೂ ಮ್ಯೂಸಿಯಂನಲ್ಲಿ ಹಿನ್ನೋಟದ ಪ್ರದರ್ಶನ ನಡೆದಾಗ ಬ್ರಯಾನ್ ವಾಲಿಸ್ ಸಂಪಾದಿಸಿದ ‘ಅನ್‌ಫಿನಿಶ್ಡ್ ಬಿಸಿನೆಸ್’ ಬಂತು. ಹಾಕೆಯವರ ಕುರಿತ ಚರ್ಚೆ ವಿಶ್ವವಿದ್ಯಾಲಯಗಳ ಒಳಗೆ ಭದ್ರವಾಗಿ ನೆಲೆಯೂರಿದ್ದು ಇಲ್ಲಿಂದ. ರೊಸಲಿನ್ ಡಾಯ್ಚ್ ಅವರ ಪ್ರಬಂಧ ಶಪೋಲ್ಸ್ಕಿ ಕೃತಿಯನ್ನು ನಗರದ ಕಡೆಯಿಂದ ಓದುತ್ತದೆ: ನೆಲದ ಬೆಲೆ, ಒಡೆತನ, ಮ್ಯೂಸಿಯಂ ತಾನು ನಿಷ್ಪಕ್ಷಪಾತದ ಜಾಗ ಎಂದು ಹೇಳಿಕೊಳ್ಳುವ ರೀತಿ, ಇವೆಲ್ಲ ಒಂದೇ ಹೆಣಿಗೆಯ ಎಳೆಗಳು ಎಂಬುದು ಅವರ ವಾದ. ಫ್ರೆಡ್ರಿಕ್ ಜೇಮ್ಸನ್ ಅವರದು ಬೇರೆ ದಾರಿ. ಸಂಸ್ಥೆಯ ಭಾಷೆಯನ್ನೇ ಬಳಸಿ ಸಂಸ್ಥೆಯನ್ನು ಅಲುಗಿಸುವ ಹಾಕೆಯವರ ತಂತ್ರವನ್ನು ಅವರು ಹೋಮಿಯೋಪತಿ ಚಿಕಿತ್ಸೆಯಂತೆ ಕಂಡರು. ನವೋದಯ ಕಾಲದ ಕಲೆಯ ಮಹಾವಿದ್ವಾಂಸ ಲಿಯೊ ಸ್ಟೈನ್‌ಬರ್ಗ್ ಮಾತ್ರ ಈ ಕೃತಿಗಳನ್ನು ಲಲಿತಕಲೆಯಾಗಿಯೇ ಪರಿಶೀಲಿಸಿದರು. ಮೂರರಲ್ಲಿ ಇಂದಿಗೂ ಹೆಚ್ಚು ತೂಕದ್ದು ಡಾಯ್ಚ್ ಅವರ ಪ್ರಬಂಧ. ಉಳಿದವರು ಹಾಕೆಯವರನ್ನು ವಿವರಿಸಿದರು, ಡಾಯ್ಚ್ ಹಾಕೆಯವರ ವಿಧಾನವನ್ನು ಮುಂದುವರಿಸಿದರು.

1990ರ ದಶಕದಲ್ಲಿ ಜರ್ಮನಿ ತನ್ನ ಕಲಾವಿದನನ್ನು ಮರಳಿ ಕರೆಯಿತು. 1993ರ ವೆನಿಸ್ ಬಿಯೆನಾಲೆಯಲ್ಲಿ ಜರ್ಮನ್ ಪೆವಿಲಿಯನ್‌ನ ನೆಲಹಾಸಿನ ಕಲ್ಲುಗಳನ್ನೇ ಒಡೆದು ಚೂರುಚೂರಾಗಿ ಬಿಟ್ಟ ‘ಗೆರ್ಮಾನಿಯ’ ಕೃತಿಯ ಜೊತೆಗೆ ‘ಬೋಡನ್‌ಲೋಸ್’ ಎಂಬ ಪುಸ್ತಕ ಬಂತು. ನಾಮ್ ಜೂನ್ ಪೈಕ್ ಜೊತೆ ಹಂಚಿಕೊಂಡ ಆ ಪೆವಿಲಿಯನ್‌ಗೆ ಸ್ವರ್ಣಸಿಂಹ ಪ್ರಶಸ್ತಿಯೂ ಬಂತು. ಮರುವರ್ಷ ಫ್ರೆಂಚ್ ಸಮಾಜಶಾಸ್ತ್ರಜ್ಞ ಪಿಯೆರ್ ಬೂರ್ಡ್ಯು ಜೊತೆಗಿನ ಸಂವಾದ ‘ಲಿಬ್ರ್ ಎಶಾಂಜ್’ ಪ್ಯಾರಿಸಿನಲ್ಲಿ ಪ್ರಕಟವಾಯಿತು. 1975ರಲ್ಲಿ ಸಮಾಜಶಾಸ್ತ್ರಜ್ಞರು ಹಾಕೆಯವರ ಬಗ್ಗೆ ಬರೆದಿದ್ದರು. ಈಗ ಆ ಕಾಲದ ಅತಿ ಮುಖ್ಯ ಸಮಾಜಶಾಸ್ತ್ರಜ್ಞ ಅವರೊಂದಿಗೆ ಸರಿಸಮನಾಗಿ ಕೂತು, ಕಂಪನಿಗಳ ಪ್ರಾಯೋಜಕತ್ವದ ಬಗ್ಗೆ, ಅಮೆರಿಕದ ಸೆನೆಟರ್ ಜೆಸ್ಸಿ ಹೆಲ್ಮ್ಸ್ ಕಲೆಯ ಮೇಲೆ ಹೂಡಿದ ದಾಳಿಯ ಬಗ್ಗೆ ಮಾತಾಡಿದರು.

ಇವೆಲ್ಲಕ್ಕಿಂತ ವಿಶಿಷ್ಟವಾದದ್ದು 2000ದಲ್ಲಿ ಮಿಶಾಯೆಲ್ ಡೀರ್ಸ್ ಮತ್ತು ಕಾಸ್ಪರ್ ಕ್ಯೋನಿಗ್ ಸಂಪಾದಿಸಿದ ‘ಡೆರ್ ಬೆಫ್ಯೋಲ್ಕರುಂಗ್’ ಪುಸ್ತಕ. ಬರ್ಲಿನ್ನಿನ ಸಂಸತ್ ಭವನದ ನೆತ್ತಿಯ ಮೇಲೆ ‘ಜರ್ಮನ್ ಜನಾಂಗಕ್ಕೆ’ ಎಂದು 1916ರಲ್ಲಿ ಕೂರಿಸಿದ ಅಕ್ಷರಗಳಿವೆ. ಒಳಾಂಗಣದಲ್ಲಿ ಅದೇ ಲಿಪಿಯಲ್ಲಿ ‘ಇಲ್ಲಿ ಬಾಳುವ ಎಲ್ಲರಿಗೆ’ ಎಂಬರ್ಥ ಕೊಡುವ ‘ಡೆರ್ ಬೆಫ್ಯೋಲ್ಕರುಂಗ್’ ಪದಗಳನ್ನು ದೀಪವಾಗಿ ಬೆಳಗಿಸಿ, ಸಂಸದರು ತಮ್ಮ ತಮ್ಮ ಕ್ಷೇತ್ರದಿಂದ ತಂದ ಮಣ್ಣನ್ನು ಸುತ್ತ ಸುರಿಯಬೇಕು, ಅದರಲ್ಲಿ ತಾನಾಗಿ ಬೆಳೆದದ್ದನ್ನು ಬೆಳೆಯಲು ಬಿಡಬೇಕು ಎಂಬುದು ಹಾಕೆಯವರ ಯೋಜನೆ. ರಕ್ತ ಮತ್ತು ಮಣ್ಣಿನ ನಾಜಿ ಘೋಷಣೆಯನ್ನು ಇದು ನೆನಪಿಸುತ್ತದೆ ಎಂದು ಕೆಲವರು ವಿರೋಧಿಸಿದರು. ಮತ್ತೆ ಕೆಲವರಿಗೆ ಜನಾಂಗ ಎಂಬ ಪದವನ್ನು ಪಕ್ಕಕ್ಕೆ ಸರಿಸಿದ್ದನ್ನೇ ಸಹಿಸಲಾಗಲಿಲ್ಲ. 2000ದ ಏಪ್ರಿಲ್ 5ರಂದು ಸಂಸತ್ತು ಒಂದು ಕಲಾಕೃತಿಯ ಮೇಲೆ ಚರ್ಚೆ ನಡೆಸಿ ಮತ ಹಾಕಿತು. ಪರ 260, ವಿರುದ್ಧ 258. ಎರಡು ಮತಗಳ ಅಂತರದಲ್ಲಿ ಶಿಲ್ಪ ಬದುಕಿತು. ಆ ವಾದವಿವಾದಕ್ಕೆ ಸಂಬಂಧಿಸಿದ ಪ್ರಬಂಧಗಳು ಮತ್ತು ದಾಖಲೆಗಳೇ ಪುಸ್ತಕದ ತಿರುಳು. ಹಾಗಾಗಿ ಇದು ಕಲಾಗ್ರಂಥವೂ ಹೌದು, ರಾಜಕೀಯ ಚರಿತ್ರೆಯ ಆಕರವೂ ಹೌದು.

ಇತ್ತೀಚಿನ ದಶಕಗಳಲ್ಲಿ ಒಂದು ಹಳೆಯ ಕಂದರವನ್ನು ತುಂಬುವ ಕೆಲಸ ನಡೆದಿದೆ. ನೀರು-ಹುಲ್ಲಿನ ಹಾಕೆ ಬೇರೆ, ಬಂಡವಾಳವನ್ನು ಬೆನ್ನಟ್ಟಿದ ಹಾಕೆ ಬೇರೆ ಎಂಬಂತೆ 1980ರ ದಶಕದ ಹಲವು ಬರಹಗಳು ಓದಿಸಿಕೊಂಡಿದ್ದವು. ಬರ್ನಮ್ ಹೆಸರು ಮಸುಕಾಗಿತ್ತು. 2008ರಲ್ಲಿ ‘ಗ್ರೇ ರೂಮ್’ ಪತ್ರಿಕೆಯಲ್ಲಿ ಲ್ಯೂಕ್ ಸ್ಕ್ರೆಬೌಸ್ಕಿ ಬರೆದ ಲೇಖನ ವ್ಯವಸ್ಥಾ ಸಿದ್ಧಾಂತವನ್ನು ಮತ್ತೆ ಕೇಂದ್ರಕ್ಕೆ ತಂದು, ಎರಡೂ ಒಂದೇ ಬುದ್ಧಿಯ ಕೆಲಸ ಎಂದು ತೋರಿಸಿತು. ಈ ಓದು ಸರಿಯಾದದ್ದು. 1972ರಲ್ಲಿ ಕ್ರೇಫೆಲ್ಡ್ ನಗರದಲ್ಲಿ ಹಾಕೆ ರೈನ್ ನದಿಯ ಕೊಳಕು ನೀರನ್ನು ಮ್ಯೂಸಿಯಂನೊಳಗೇ ಶುದ್ಧಗೊಳಿಸಿ, ಮೀನುಗಳಿದ್ದ ತೊಟ್ಟಿಗೆ ಬಿಟ್ಟಿದ್ದರು. ಅಲ್ಲಿ ಪ್ರಕೃತಿ ಮುಗಿದು ರಾಜಕೀಯ ಆರಂಭವಾಗುವ ಗಡಿಯನ್ನು ಯಾರು ಎಲ್ಲಿ ಎಳೆಯಬಲ್ಲರು?

2016ರಲ್ಲಿ ಅಲೆಕ್ಸಾಂಡರ್ ಅಲ್ಬೆರೊ ಸಂಪಾದಿಸಿದ ‘ವರ್ಕಿಂಗ್ ಕಂಡಿಷನ್ಸ್’ ಹಾಕೆಯವರ ಸ್ವಂತ ಬರಹಗಳನ್ನು ಒಟ್ಟುಗೂಡಿಸಿತು. 2019ರಲ್ಲಿ ನ್ಯೂ ಮ್ಯೂಸಿಯಂ ಮತ್ತೊಮ್ಮೆ ಹಿನ್ನೋಟ ಏರ್ಪಡಿಸಿದಾಗ ‘ಆಲ್ ಕನೆಕ್ಟೆಡ್’ ಎಂಬ ದೊಡ್ಡ ಕ್ಯಾಟಲಾಗ್ ಬಂತು. ಒಮ್ಮೆ ಹೊರಗಿಟ್ಟ ಶಪೋಲ್ಸ್ಕಿ ಕೃತಿಯನ್ನು ಅಷ್ಟರಲ್ಲಿ ನ್ಯೂಯಾರ್ಕಿನ ವಿಟ್ನಿ ಮತ್ತು ಬಾರ್ಸಿಲೋನಾದ ಸಮಕಾಲೀನ ಕಲಾ ಮ್ಯೂಸಿಯಂ ಜಂಟಿಯಾಗಿ ಕೊಂಡಿದ್ದವು. ಸುಂದರವಾಗಿ ಮುದ್ರಿಸಿದ ದೊಡ್ಡ ಕ್ಯಾಟಲಾಗುಗಳ ಕಾಲದಲ್ಲಿ ಒಂದು ಎಚ್ಚರ ಅಗತ್ಯ. ಈ ಕೃತಿಗಳನ್ನು ನೋಡಿದರೆ ಸಾಲದು, ಓದಬೇಕು. 142 ಹಾಳೆಗಳು ಪುಟದ ಮೇಲೆ ಅಂಚೆಚೀಟಿಯ ಗಾತ್ರಕ್ಕೆ ಕುಗ್ಗಿದರೆ ಸಾಲಾಗಿ ಜೋಡಿಸಿದ ಕಟ್ಟಡಗಳ ವಿನ್ಯಾಸವಷ್ಟೇ ಉಳಿಯುತ್ತದೆ. ಅಡಮಾನ ಯಾರದು, ಯಾವ ದಿನದ್ದು ಎಂಬ ಸಾಲು ಕಣ್ಣಿಗೆ ಸಿಗುವುದಿಲ್ಲ. ಹಾಕೆಯವರ ಕುರಿತು ಮುಂದೆ ಸಂಪುಟ ರೂಪಿಸುವವರು ಮೊದಲು ಬಗೆಹರಿಸಿಕೊಳ್ಳಬೇಕಾದದ್ದು ಈ ಅಕ್ಷರಗಾತ್ರದ ಪ್ರಶ್ನೆಯನ್ನು.