ಕೂಸಿನ ಹೆಸರು ಮತ್ತು ವ್ಯಾಕರಣದ ಲಿಂಗ: ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಉಭಯಸಾಮಾನ್ಯ ಹೆಸರುಗಳ ಚಾರಿತ್ರಿಕ ವಿವೇಚನೆ

1. ಪೀಠಿಕೆ

ಗಂಡು ಹೆಣ್ಣು ಇಬ್ಬರಿಗೂ ಸಲ್ಲುವ ಹೆಸರನ್ನು ಹೆಣ್ಣುಮಗುವಿಗೆ ಇಡುವುದು ಈಚಿನ ಅಭಿರುಚಿಯೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಹೆಸರನ್ನು ಓದಿದ ಮಾತ್ರಕ್ಕೆ ಓದುವವನ ಮನಸ್ಸಿನಲ್ಲಿ ಹೆಣ್ಣೆಂಬ ಪೂರ್ವಗ್ರಹ ಮೂಡಬಾರದೆಂಬುದು ಅದರ ಹಿಂದಿನ ಆಶಯ. ಆದರೆ ಹೆಸರು ನಿಘಂಟಿನಲ್ಲಿ ಒಂಟಿಯಾಗಿ ನಿಲ್ಲುವ ಪದವಲ್ಲ. ಅದು ವಿಭಕ್ತಿಯನ್ನು ತಾಳುತ್ತದೆ, ಕ್ರಿಯಾಪದಕ್ಕೆ ಕರ್ತೃವಾಗುತ್ತದೆ. ಆದುದರಿಂದ ಒಂದು ಹೆಸರು ಉಭಯಸಾಮಾನ್ಯವೇ ಎಂಬ ಪ್ರಶ್ನೆಯನ್ನು ಪದದ ಮಟ್ಟದಲ್ಲಿ ಮಾತ್ರವಲ್ಲದೆ ವಾಕ್ಯದ ಮಟ್ಟದಲ್ಲಿಯೂ ಕೇಳಬೇಕಾಗುತ್ತದೆ. ಉತ್ತರ ಕನ್ನಡದ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಹವ್ಯಕ ಕನ್ನಡವು ಈ ಪ್ರಶ್ನೆಗೆ ಶಿಷ್ಟ ಕನ್ನಡಕ್ಕಿಂತ ಭಿನ್ನವಾದ ಉತ್ತರವನ್ನು ಕೊಡುತ್ತದೆ.

2. ಪ್ರಕೃತಿ ಮತ್ತು ಬಂಧುವಾಚಕ

ಕನ್ನಡದ ಹಳೆಯ ನಾಮಪದ್ಧತಿಯಲ್ಲಿ ಹೆಸರಿನ ಪ್ರಕೃತಿಗೆ ಹಲವೊಮ್ಮೆ ಲಿಂಗವೇ ಇರಲಿಲ್ಲ. ನಾಗಪ್ಪ–ನಾಗಮ್ಮ, ತಿಮ್ಮಪ್ಪ–ತಿಮ್ಮಮ್ಮ, ಮಲ್ಲಪ್ಪ–ಮಲ್ಲಮ್ಮ, ಚೆನ್ನಪ್ಪ–ಚೆನ್ನಮ್ಮ ಎಂಬ ಜೋಡಿಗಳಲ್ಲಿ ಪ್ರಕೃತಿ ಒಂದೇ. ಲಿಂಗವನ್ನು ಸೂಚಿಸುವುದು ಅದಕ್ಕೆ ಹತ್ತಿದ ಬಂಧುವಾಚಕ. 993ರಲ್ಲಿ ರಚಿತವಾದ ರನ್ನನ ‘ಅಜಿತಪುರಾಣ’ಕ್ಕೆ ಆಶ್ರಯವಿತ್ತ ಅತ್ತಿಮಬ್ಬೆಯ ಹೆಸರಿನಲ್ಲಿ ಹೆಣ್ತನವನ್ನು ಹೇಳುವ ಭಾಗ ‘ಅಬ್ಬೆ’. ಸಿದ್ದಾಪುರದ ನೆರೆಯ ಕೆಳದಿಯನ್ನು 17ನೆಯ ಶತಮಾನದಲ್ಲಿ ಆಳಿದ ಚೆನ್ನಮ್ಮನ ಹೆಸರಿನಲ್ಲಿ ಆ ಕೆಲಸವನ್ನು ‘ಅಮ್ಮ’ ಮಾಡುತ್ತದೆ. 16ನೆಯ ಶತಮಾನದ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಉದಾಹರಣೆ ಇನ್ನೂ ಸ್ಪಷ್ಟ. ಭೈರವನೆಂಬ ಪುರುಷದೇವತೆಯ ಹೆಸರಿನಿಂದ ಬಂದ ‘ಭೈರ’ ಎಂಬ ಪ್ರಕೃತಿಯೇ ಕಾರ್ಕಳದ ಭೈರರಸರ ಹೆಸರಿನಲ್ಲಿಯೂ ಇದೆ. ‘ಅರಸ’ ಸೇರಿದಾಗ ಗಂಡು, ‘ದೇವಿ’ ಸೇರಿದಾಗ ಹೆಣ್ಣು.

ಅಂದರೆ ಉಭಯಸಾಮಾನ್ಯ ಪ್ರಕೃತಿ ಕನ್ನಡಕ್ಕೆ ಹೊಸತಲ್ಲ. ಹೊಸತಾಗಿರುವುದು ಬಂಧುವಾಚಕದ ಲೋಪ. ಉತ್ತರ ಕನ್ನಡವು 1862ರಲ್ಲಿ ಮದ್ರಾಸ್ ಆಧಿಪತ್ಯದಿಂದ ಮುಂಬಯಿ ಆಧಿಪತ್ಯಕ್ಕೆ ಸೇರಿತು. 1956ರವರೆಗೆ ಅದರ ದಾಖಲೆಗಳ ಲೋಕ ಮುಂಬಯಿಯದು. ಸ್ವಂತ ಹೆಸರು, ತಂದೆಯ ಹೆಸರು, ಮನೆತನದ ಹೆಸರು ಎಂಬ ಮೂರು ಅಂಗಗಳ ಕ್ರಮ ಇಲ್ಲಿ ಇಂದಿಗೂ ರೂಢಿಯಲ್ಲಿದೆ. ಸಿದ್ದಾಪುರದ ದೊಡ್ಮನೆಯವರಾದ ಮಾಜಿ ಮುಖ್ಯಮಂತ್ರಿ ರಾಮಕೃಷ್ಣ ಮಹಾಬಲೇಶ್ವರ ಹೆಗಡೆ ಅವರ ಪೂರ್ಣನಾಮ ಇದಕ್ಕೆ ಪರಿಚಿತ ನಿದರ್ಶನ. ಹೆಗಡೆ, ಭಟ್ಟ, ಜೋಶಿ ಎಂಬ ಅಡ್ಡಹೆಸರುಗಳಲ್ಲಿ ಲಿಂಗಸೂಚನೆಯಿಲ್ಲ. ನಡುವಿನ ಹೆಸರು ತಂದೆಯದು. ಹಾಗಾಗಿ ಲಿಂಗವನ್ನು ಸೂಚಿಸುವ ಹೊಣೆಯೆಲ್ಲ ಮೊದಲ ಪದದ ಮೇಲೆ ಬೀಳುತ್ತದೆ. ಅದೂ ಉಭಯಸಾಮಾನ್ಯವಾದರೆ ಬರೆದ ಹೆಸರು ಲಿಂಗದ ವಿಷಯದಲ್ಲಿ ಪೂರ್ತಿ ಮೌನವಾಗುತ್ತದೆ.

3. ದೀರ್ಘಾಂತದ ವಿಧಿ, ಹ್ರಸ್ವಾಂತದ ಉಚ್ಚಾರ

ಸಂಸ್ಕೃತದ ನಾಮಕರಣವಿಧಿಗಳು ಇದಕ್ಕೆ ವಿರುದ್ಧ ದಿಕ್ಕಿನವು. ಹೆಣ್ಣಿನ ಹೆಸರು ದೀರ್ಘಸ್ವರದಲ್ಲಿ ಮುಗಿಯಬೇಕೆಂದು ಮನುಸ್ಮೃತಿಯ ಎರಡನೆಯ ಅಧ್ಯಾಯ ವಿಧಿಸುತ್ತದೆ. ಅದು ಬೆಸಸಂಖ್ಯೆಯ ಅಕ್ಷರಗಳಿಂದ ಕೂಡಿ ಆಕಾರಾಂತವಾಗಿರಬೇಕೆಂದು ಪಾರಸ್ಕರ ಗೃಹ್ಯಸೂತ್ರ ಹೇಳುತ್ತದೆ. ಇಲ್ಲಿ ಲಿಂಗದ ಗುರುತು ಪದದ ಕೊನೆಯ ಸ್ವರದಲ್ಲಿಯೇ ಇದೆ. ಆದರೆ ಪದಾಂತ್ಯದ ದೀರ್ಘಸ್ವರ ಕನ್ನಡದ ಪ್ರಕೃತಿಗೆ ಒಗ್ಗುವುದಿಲ್ಲ. ‘ಗಂಗಾ’ ಗಂಗೆಯಾಗುತ್ತದೆ, ‘ಗೌರೀ’ ಗೌರಿಯಾಗುತ್ತದೆ, ‘ಕಮಲಾ’ ಕಮಲವಾಗುತ್ತದೆ. ಎಕಾರಾಂತವಾದ ಗಂಗೆ, ಗಿರಿಜೆ, ಮೂಕಾಂಬೆಗಳಲ್ಲಿ ಹೆಣ್ತನದ ಸೂಚನೆ ಬೇರೊಂದು ರೂಪದಲ್ಲಿ ಉಳಿಯಿತು. ಉಳಿದೆಡೆ ಭೇದ ಅಳಿಯಿತು: ‘ಗೌರಿ’ಯ ಕೊನೆಯ ಸ್ವರಕ್ಕೂ ‘ಹರಿ’ಯ ಕೊನೆಯ ಸ್ವರಕ್ಕೂ ಕನ್ನಡದ ಕಿವಿಗೆ ಅಂತರವಿಲ್ಲ. ಹರ್ಷ–ಹರ್ಷಾ ಎಂಬ ಭೇದ ಬರೆಹದಲ್ಲಿ ಉಳಿದರೂ ಆಡುಮಾತಿನಲ್ಲಿ ನಿಲ್ಲದು.

4. ವಿಭಕ್ತಿಯ ಪರೀಕ್ಷೆ

ಸಂಸ್ಕೃತದ ಲಿಂಗಸೂಚನೆಯನ್ನು ಅಳಿಸಿದ ಕನ್ನಡವು ತನ್ನದೇ ಪರೀಕ್ಷೆಯೊಂದನ್ನು ಮುಂದಿಡುತ್ತದೆ. ‘ಕಿರಣ’ ಎಂಬ ಹೆಸರನ್ನು ಷಷ್ಠಿಯಲ್ಲಿ ಬಳಸುವಾಗ ಶಿಷ್ಟ ಕನ್ನಡದಲ್ಲಿ ಮೂರು ದಾರಿಗಳಿವೆ: ಹುಡುಗನಾದರೆ ಕಿರಣನ, ಹುಡುಗಿಯಾದರೆ ಕಿರಣಳ, ಬೆಳಕಿನ ಎಳೆಯಾದರೆ ಕಿರಣದ. ಅಕಾರಾಂತ ಹೆಸರು ಪ್ರಥಮಾ ವಿಭಕ್ತಿಯನ್ನು ದಾಟಿದೊಡನೆ ತನ್ನ ಲಿಂಗವನ್ನು ಒಪ್ಪಿಸಬೇಕಾಗುತ್ತದೆ. ‘ಅಕ್ಕನ’, ‘ಅಮ್ಮನ’, ‘ಚೆನ್ನಮ್ಮನ’ ಎಂಬಲ್ಲಿ ಹೆಣ್ಣಿನ ವಾಚಕಗಳೂ ನಕಾರವನ್ನೇ ತಾಳುವುದು ಗಮನಾರ್ಹ. ಲಿಂಗಸೂಚನೆ ಬಂಧುವಾಚಕದಲ್ಲಿ ಮೊದಲೇ ಆಗಿರುವುದರಿಂದ ಅಲ್ಲಿ ‘ಳ’ಕಾರದ ಅಗತ್ಯ ಬೀಳದು. ಬಂಧುವಾಚಕ ಕಳಚಿದ ಹೆಸರುಗಳಲ್ಲಿ ವಿಭಕ್ತಿಯು ಆ ಹೊರೆಯನ್ನು ಹೊರುತ್ತದೆ.

ಇಕಾರಾಂತ, ಉಕಾರಾಂತ ಹೆಸರುಗಳ ಸ್ಥಿತಿ ಬೇರೆ. ರವಿಯ, ಗೌರಿಯ, ಜ್ಯೋತಿಯ, ಕೀರ್ತಿಯ, ಇಂದುವಿನ, ಮಂಜುವಿನ. ಇಲ್ಲಿ ಗಂಡು, ಹೆಣ್ಣು, ವಸ್ತು ಮೂರಕ್ಕೂ ರೂಪ ಒಂದೇ. ಮಂಜುನಾಥನೂ ಮಂಜುಳೆಯೂ ‘ಮಂಜು’ವಾದಾಗ ವಿಭಕ್ತಿ ಇಬ್ಬರನ್ನೂ ಬೇರ್ಪಡಿಸದು. ‘ಕಿರಣ್’ ಎಂಬ ವ್ಯಂಜನಾಂತ ರೂಪವೂ ಹಾಗೆಯೇ: ಕಿರಣ್‌ನ, ಕಿರಣ್‌ಗೆ ಎಂಬ ರೂಪಗಳು ಲಿಂಗವನ್ನು ಬಿಟ್ಟುಕೊಡವು. ಕನ್ನಡದ ಸ್ವರಾಂತ ಪ್ರವೃತ್ತಿಗೆ ವಿರುದ್ಧವೆಂದು ಆಕ್ಷೇಪಿಸಲ್ಪಡುವ ವ್ಯಂಜನಾಂತ ಹೆಸರು ಈ ದೃಷ್ಟಿಯಿಂದ ಒಂದು ವ್ಯಾಕರಣಪ್ರಯೋಜನವನ್ನು ಸಾಧಿಸುತ್ತದೆ.

5. ಕೂಸು, ಮಾಣಿ ಮತ್ತು ಕ್ರಿಯಾಪದ

ವಿಭಕ್ತಿಯನ್ನು ದಾಟಿದ ಹೆಸರು ಕ್ರಿಯಾಪದದ ಎದುರು ನಿಲ್ಲುತ್ತದೆ. ಶಿಷ್ಟ ಕನ್ನಡದಲ್ಲಿ ಜ್ಯೋತಿ ‘ಬಂದನು’ ಅಥವಾ ‘ಬಂದಳು’. ಹವ್ಯಕದಲ್ಲಿ ಪ್ರಥಮ ಪುರುಷ ಏಕವಚನದ ವಿಭಾಗವೇ ಬೇರೆ: ಒಂದು ಕಡೆ ಪುಲ್ಲಿಂಗ, ಇನ್ನೊಂದು ಕಡೆ ಉಳಿದುದೆಲ್ಲ. ‘ಅಪ್ಪ ಬಂದ’, ಆದರೆ ‘ಆಯಿ ಬಂತು’, ‘ಅಕ್ಕ ಬಂತು’. ಹೆಂಗಸಿಗೆ ಸರ್ವನಾಮ ‘ಅದು’. ಡಿ. ಎನ್. ಶಂಕರ ಭಟ್ಟರು ಹವ್ಯಕದ ವ್ಯಾಕರಣವನ್ನು 1971ರಲ್ಲಿ ಪ್ರಕಟಿಸಿದ ಮೇಲೆ ಈ ಉಪಭಾಷೆ ದ್ರಾವಿಡ ಅಧ್ಯಯನದಲ್ಲಿ ಪರಿಚಿತವಾಗಿದೆ. ಶಿಷ್ಟ ಕನ್ನಡದಲ್ಲಿ ಗಂಡು ಹೆಣ್ಣೆನ್ನದೆ ಎಳೆಯ ಮಗುವನ್ನು ಸೂಚಿಸುವ ‘ಕೂಸು’ ಪದ ಹವ್ಯಕದಲ್ಲಿ ಹುಡುಗಿಯನ್ನು ಸೂಚಿಸುತ್ತದೆ, ಹುಡುಗ ‘ಮಾಣಿ’.

ತೆಲುಗಿನ ಏಕವಚನದಲ್ಲಿಯೂ ಹೆಣ್ಣು ಅಮಹತ್ತಿನೊಡನೆ ಸೇರುತ್ತದೆ. ಗೋವೆಯ ಕೊಂಕಣಿಯಲ್ಲಿ ಎಳೆಯ ಹುಡುಗಿಯನ್ನು ನಪುಂಸಕದಲ್ಲಿ ಹೇಳುವ ರೂಢಿಯಿದೆ. ಘಟ್ಟದ ಮೇಲಿನ ಈ ತಾಲೂಕುಗಳಲ್ಲಿ ಕೊಂಕಣಿಯಾಡುವವರೂ ಇದ್ದಾರೆ. ಆದರೆ ಸಾಮ್ಯವನ್ನು ಕಂಡೊಡನೆ ಸಂಬಂಧವನ್ನು ಸಾರುವುದು ಸಲ್ಲದು. ಕೊಂಕಣಿಯಲ್ಲಿ ಈ ಬಳಕೆ ವಯಸ್ಸನ್ನು ಅವಲಂಬಿಸಿದೆ. ಹವ್ಯಕದಲ್ಲಿ ತಾಯಿಗೂ ಅದೇ ರೂಪ. ಹವ್ಯಕದ ವಿಭಾಗವು ಮೂಲದ್ರಾವಿಡದ ಮಹತ್–ಅಮಹತ್ ಭೇದದ ಶೇಷವೇ, ನಂತರದ ಬೆಳವಣಿಗೆಯೇ ಎಂಬುದನ್ನು ಉಪಭಾಷೆಗಳ ತುಲನೆಯಿಂದಲೇ ನಿರ್ಣಯಿಸಬೇಕು.

ಪ್ರಕೃತ ವಿಷಯಕ್ಕೆ ಬೇಕಾದುದು ಇಷ್ಟು. ಕಿರಣವೆಂಬ ಹುಡುಗಿ ಮನೆಗೆ ಬಂದರೆ ಹವ್ಯಕದಲ್ಲಿ ‘ಕಿರಣ ಬಂತು’. ಹುಡುಗನಾದರೆ ‘ಕಿರಣ ಬಂದ’. ಹೆಸರು ಮುಚ್ಚಿಟ್ಟದ್ದನ್ನು ಕ್ರಿಯಾಪದ ತೆರೆದಿಡುತ್ತದೆ. ಈ ‘ಬಂತು’ವಿನಲ್ಲಿ ಅನಾದರವಿಲ್ಲ, ತಾಯಿಗೆ ಸಲ್ಲುವ ರೂಪ ಮಗಳಿಗೂ ಸಲ್ಲುತ್ತದೆ. ಆದರೆ ಅದೇ ವಾಕ್ಯ ಶಾಲೆಯಲ್ಲಿ ತಪ್ಪೆನಿಸುತ್ತದೆ. ಹೊರಗಿನ ಕೇಳುಗನಿಗೆ ಹೆಣ್ಣನ್ನು ವಸ್ತುವಾಗಿಸಿದಂತೆ ಕೇಳಿಸುತ್ತದೆ. ಮನೆಮಾತಿನ ವ್ಯಾಕರಣವನ್ನು ಶಿಷ್ಟದ ಅಳತೆಗೋಲಿನಿಂದ ಅಳೆದು ಅದರಾಡುಗರನ್ನು ದೂಷಿಸುವ ಈ ಪ್ರಮಾದದಿಂದ ಸಂಶೋಧಕರು ದೂರವಿರಬೇಕು.

6. ಉಪಸಂಹಾರ

1969ರ ಜನನ ಮರಣ ನೋಂದಣಿ ಅಧಿನಿಯಮವು ಹೆಸರಿಲ್ಲದೆ ಜನನವನ್ನು ದಾಖಲಿಸಿ ಹೆಸರನ್ನು ಅನಂತರ ಸೇರಿಸಲು ಅವಕಾಶವೀಯುತ್ತದೆ. ಮಗುವಿನ ಲಿಂಗವಾದರೋ ಅಲ್ಲಿ ಪ್ರತ್ಯೇಕವಾಗಿ ದಾಖಲಾಗುತ್ತದೆ. ಕಾಗದದ ಮೇಲೆ ಹೆಸರು ಲಿಂಗವನ್ನು ಹೇಳಬೇಕಾದ ಅಗತ್ಯವೇ ಇಲ್ಲ. ಮಾತಿನಲ್ಲಿ ಆ ಸ್ವಾತಂತ್ರ್ಯ ಸೀಮಿತ: ಅಕಾರಾಂತ ಹೆಸರನ್ನು ವಿಭಕ್ತಿ ತಡೆಯುತ್ತದೆ, ಉಳಿದವನ್ನು ಕ್ರಿಯಾಪದ ತಡೆಯುತ್ತದೆ. ಶಿಷ್ಟ ಕನ್ನಡದಲ್ಲಿ ಪ್ರಥಮ ಪುರುಷದ ಈ ತಡೆ ಇಲ್ಲವಾಗುವುದು ಗೌರವಾರ್ಥಕ ಬಹುವಚನದಲ್ಲಿ. ‘ಜ್ಯೋತಿಯವರು ಬಂದರು’ ಎಂಬಲ್ಲಿ ಹೆಸರು, ವಿಭಕ್ತಿ, ಕ್ರಿಯೆ ಮೂರೂ ಲಿಂಗದ ವಿಷಯದಲ್ಲಿ ಮೌನವಾಗಿವೆ. ಹೆಣ್ಣುಮಗುವಿಗೆ ಇಟ್ಟ ಉಭಯಸಾಮಾನ್ಯ ಹೆಸರು ಆಡುಮಾತಿನಲ್ಲಿ ಪೂರ್ಣವಾಗಿ ಫಲಿಸುವುದು ಆಕೆ ‘ಅವರು’ ಎನಿಸಿಕೊಳ್ಳುವ ಸ್ಥಾನವನ್ನು ತಲುಪಿದ ಮೇಲೆಯೇ. ಆ ಸ್ಥಾನವನ್ನು ಹೆಸರೊಂದೇ ದೊರಕಿಸಿಕೊಡಲಾರದು.