ಬೆಸುಗೆ ಬಿಟ್ಟ ಒತ್ತಕ್ಷರ

ಕಲಾಯಿ, ಬೆಸುಗೆ ಅನ್ನೋ ಮಾತು ನಮ್ಮ ಮನೆಗಳಿಗೆ ಹೊಸದಲ್ಲ. ಹುಣಸೂರು ಕಡೆ ಬೀದೀಲಿ ಕಲಾಯಿಯವರು ಕೂಗ್ಕಂಡು ಬಂದ್ರೆ ಅವ್ವದೀರು ಅಟ್ಟದ ಮೇಲಿನ ಹಿತ್ತಾಳೆ ಪಾತ್ರೆಯೆಲ್ಲ ಇಳಿಸೋರು. ತಿದಿ ಊದಿ, ಪಾತ್ರೆ ಕಾಯಿಸಿ, ನವಸಾಗರದ ಪುಡಿ ಎರಚಿ, ಚೂರು ತವರ ಮುಟ್ಟಿಸಿ ಅರಳೇಲಿ ಒರೆಸಿದ್ರೆ ಒಳಗೆಲ್ಲ ಬೆಳ್ಳಿ ಹಂಗೆ ಹೊಳೀತಿತ್ತು. ಪಾತ್ರೆ ಸರಿಯಾಗಿ ಕಾದಿಲ್ದಿದ್ರೆ, ಇಲ್ಲ ಕೊಳೆ ಉಳ್ಕಂಡಿದ್ರೆ, ತವರ ಹಿಡೀತಿರಲಿಲ್ಲ. ಈ ಎರಡು ಕಾರಣ ನೆನಪಲ್ಲಿಟ್ಕಳಿ ಅಕ್ಕದೀರೇ, ಮುಂದಕ್ಕೆ ಬೇಕಾಯ್ತದೆ.

ತವರಕ್ಕೆ ಸೀಸ ಬೆರೆಸಿದ್ರೆ ಇನ್ನೂ ಬೇಗ ಕರಗ್ತದೆ. ತವರ ಒಂದೇ ಆದ್ರೆ 232 ಡಿಗ್ರಿ ಬೇಕು, ಸೀಸಕ್ಕೆ 327. ತವರ 63 ಪಾಲು, ಸೀಸ 37 ಪಾಲು ಸೇರಿಸಿದ್ರೆ 183 ಡಿಗ್ರಿಗೇ ನೀರಾಗ್ತದೆ. ಸುಮಾರು 2000 ವರ್ಷದ ಹಿಂದೆ ರೋಮಿನವರು ನೀರಿನ ಕೊಳವೆಗೆ ಇಂಥದೇ ಬೆಸುಗೆ ಹಾಕ್ತಿದ್ರು. ಎರಡು ಪಾಲು ಸೀಸಕ್ಕೆ ಒಂದು ಪಾಲು ತವರ ಅಂತ ಪ್ಲಿನಿ ಅನ್ನೋನು ಬರೆದಿಟ್ಟವ್ನೆ.

ನಮ್ಮ ಮನೆಗಳೊಳಕ್ಕೆ ಈ ಬೆಸುಗೆ ರೇಡಿಯೋ ಜೊತೆ ಬಂತು. ಮಹಾರಾಜಾ ಕಾಲೇಜಲ್ಲಿ ಮನಶ್ಶಾಸ್ತ್ರದ ಮೇಷ್ಟ್ರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರಲ್ಲಿ ಮೈಸೂರಿನ ಒಂಟಿಕೊಪ್ಪಲಿನ ತಮ್ಮ ಮನೆಯಿಂದಲೇ 30 ವ್ಯಾಟಿನ ಪ್ರಸಾರ ಶುರು ಮಾಡಿದ್ರು. ಅದಕ್ಕೆ ಇಟ್ಟ ಹೆಸರೇ ಆಕಾಶವಾಣಿ. ಆಮೇಲೆ ಹಳ್ಳಿ ಹಳ್ಳಿಗೂ ರೇಡಿಯೋ ಬಂತು. ಹಾಡ್ತಾ ಹಾಡ್ತಾ ಅದು ನಿಂತೋದಾಗ ತಲೆ ಮೇಲೆ ಎರಡು ತಟ್ಟಿದ್ರೆ ಮತ್ತೆ ಹಾಡ್ತಿತ್ತಲ್ಲ, ಅದು ಪೆಟ್ಟಿನ ಭಯಕ್ಕಲ್ಲ ಕಣ್ರೀ. ಎಷ್ಟೋ ಸಲ ಒಳಗೆ ಬೆಸುಗೆ ಸಣ್ಣಕೆ ಬಿರುಕು ಬಿಟ್ಟಿರದು, ತಟ್ಟಿದಾಗ ಎರಡೂ ಕಡೆ ಮುಟ್ಕಳದು. ರಿಪೇರಿಯವರು ಅದಕ್ಕೆ ‘ಡ್ರೈ ಸೋಲ್ಡರ್’ ಅಂತಾರೆ.

ಟೈಪ್‌ರೈಟರಲ್ಲೂ ಬೆಸುಗೆ ಇತ್ತು. ಅಮೆರಿಕದಲ್ಲಿ ಬಂದೂಕು ಮಾಡೋ ರೆಮಿಂಗ್ಟನ್ ಕಂಪನಿ 1874ರಲ್ಲಿ ಶೋಲ್ಸ್ ಅನ್ನೋರ ಟೈಪ್‌ರೈಟರನ್ನ ಮಾರುಕಟ್ಟೆಗೆ ತಂತು. ಅದರ ಕಡ್ಡಿಗಳ ತುದೀಗೆ ಅಕ್ಷರದ ಮೊಳೆ ಬೆಸೆದಿರ್ತಿದ್ರು. ಬೆಸುಗೆ ಬಿಟ್ರೆ ಅಕ್ಷರವೇ ಉದುರಿ ಹೋಗದು, ಕಣ್ಣಿಗೇ ಕಾಣದು. ಕನ್ನಡ ಟೈಪ್‌ರೈಟರಿನ ಕೀಲಿಮಣೆ ರೂಪಿಸಿದೋರು ಕೆ. ಅನಂತಸುಬ್ಬರಾಯರು. ಕಂಪ್ಯೂಟರಿಗೆ ಬಂದಾಗ ಮಂಗಳೂರು ಹತ್ತಿರದ ಕಿನ್ನಿಕಂಬಳದ ಕೆ.ಪಿ. ರಾಯರು ಇಂಗ್ಲಿಷಿನ 26 ಗುಂಡೀಲೇ ಕನ್ನಡವೆಲ್ಲ ಕೂರೋ ಹಂಗೆ ಜೋಡಿಸಿದ್ರು. ಕ ಬೇಕಾದ್ರೆ ‘ಕೆ’, ಮ ಬೇಕಾದ್ರೆ ‘ಎಂ’. ಒತ್ತಕ್ಷರಕ್ಕೆ ಮಧ್ಯೆ ‘ಎಫ್’ ಒತ್ತಬೇಕು. ರಾಜ್ಯ ಸರ್ಕಾರ ಒಪ್ಕಂಡಿದ್ದೂ ಅದೇ, ನುಡಿ ತಂತ್ರಾಂಶದಲ್ಲಿ ಇರೋದೂ ಅದೇ.

ಅಂದ್ರೆ ಕನ್ನಡದ ಅಷ್ಟೂ ಒತ್ತಕ್ಷರದ ಭಾರ ಒಂದೇ ಗುಂಡಿ ಮೇಲೆ. ನಮ್ಮನೆ ಮೆಕ್ಯಾನಿಕಲ್ ಕೀಬೋರ್ಡಲ್ಲಿ ಕೈ ಕೊಟ್ಟಿದ್ದು ಆ ಎಫ್ ಗುಂಡೀನೇ. ಹುಣಸೂರಿಗೆ ಏನೂ ಆಗಲಿಲ್ಲ, ಅದರಲ್ಲಿ ಒತ್ತು ಇಲ್ಲ. ಆದ್ರೆ ಪಿರಿಯಾಪಟ್ಟಣ ‘ಪಿರಿಯಾಪಟಟಣ’ ಆಯ್ತು, ಹೆಗ್ಗಡದೇವನಕೋಟೆ ‘ಹೆಗಗಡದೇವನಕೋಟೆ’ ಆಯ್ತು, ಕೆ.ಆರ್. ನಗರ ‘ಕೆ.ಆರ. ನಗರ’ ಆಯ್ತು. ಅದಾದ್ರೆ ನಕ್ಕು ಸುಮ್ಕಾಗಬೋದು. ಸಂಘದ ಹೆಂಗಸರ ಅರ್ಜಿ ಟೈಪ್ ಮಾಡೋಳು ನಾನು. ಲಕ್ಷ್ಮಮ್ಮ ಅನ್ನೋ ಹೆಸರು ‘ಲಕಷಮಮಮ’ ಅಂತ ಹೋದ್ರೆ ಆಧಾರಿಗೂ ಬ್ಯಾಂಕಿನ ಪುಸ್ತಕಕ್ಕೂ ತಾಳೆ ಆಗಕ್ಕಿಲ್ಲ. ಪಿಂಚಣಿಗೆ ಕಾಯೋ ಅಜ್ಜಿ ಎಷ್ಟು ಸಲ ಬಸ್ಸು ಹತ್ತಬೇಕು ಹೇಳಿ.

ಹಿಡಿದಿದ್ದು ಹಿಂಗೆ. ಭಾಷೆ ಇಂಗ್ಲಿಷಿಗೆ ಬದಲಾಯಿಸಿ ನೋಡಿದೆ, ಆಗಲೂ ಎಫ್ ಬರಲಿಲ್ಲ. ಅಂದ್ರೆ ನುಡಿಯ ದೋಷ ಅಲ್ಲ. ಅಕ್ಕಪಕ್ಕದ ಗುಂಡಿಗಳೆಲ್ಲ ಸರಿ ಇದ್ವು. ಸಾಲಿಗೆ ಸಾಲೇ ಹೋಗಿದ್ರೆ ಹಲಗೆಯ ದಾರಿ ಕೆಟ್ಟದೆ ಅನ್ಕಬೋದಿತ್ತು, ಇದು ಒಂದೇ ಗುಂಡಿಯ ಕಾಯಿಲೆ. ಜೋರಾಗಿ ಅಮುಕಿ ಒಂದು ಕಡೆಗೆ ವಾಲಿಸಿದ್ರೆ ಒಮ್ಮೊಮ್ಮೆ ಬತ್ತಿತ್ತು, ಥೇಟ್ ರೇಡಿಯೋ ತಟ್ಟಿದಂಗೆ.

ಬಿಚ್ಚಿ ಹಲಗೆ ಮಗುಚಿದೆ. ಒಂದೊಂದು ಗುಂಡಿಯ ಸ್ವಿಚ್ಚಿಗೂ ಎರಡೆರಡು ಕಾಲು. ಮಲ್ಟಿಮೀಟರನ್ನ ಬೀಪ್‌ಗೆ ಇಟ್ಟು ಆ ಎರಡು ಕಾಲಿಗೆ ಹಿಡಿದು ಗುಂಡಿ ಒತ್ತಿದೆ, ಸದ್ದು ಬಂತು. ಸ್ವಿಚ್ಚು ಸರಿ. ಕಂಪ್ಯೂಟರಿಗೆ ಚುಚ್ಚಿ, ಕಾಲಿನ ಸುತ್ತ ಇರೋ ತಾಮ್ರದ ಬಿಲ್ಲೆಗಳೆರಡನ್ನೂ ಚಿಮಟದಲ್ಲಿ ಜೋಡಿಸಿದೆ, ಪರದೆ ಮೇಲೆ ಎಫ್ ಬಂತು. ಹಲಗೆಯೂ ಸರಿ. ಅದೂ ಸರಿ, ಇದೂ ಸರಿ ಅಂದ ಮೇಲೆ ತಪ್ಪು ಎರಡರ ನಡುವಿನ ಬೆಸುಗೇಲೇ ಇರಬೇಕು. ಫೋನಿನ ಕ್ಯಾಮೆರಾ ದೊಡ್ಡದು ಮಾಡಿ ನೋಡಿದ್ರೆ, ಒಂದು ಕಾಲಿನ ಸುತ್ತ ಕೂದಲೆಳೆಯಷ್ಟು ಕಪ್ಪು ಉಂಗುರ.

ಸರಿ ಮಾಡೋದು ಕಲಾಯಿ ಕೆಲಸವೇ. ಕೀಬೋರ್ಡಿನ ವಯರು ಕಿತ್ತು, ಜಾಗ ಒರೆಸಿ, ಕಾದ ಸೋಲ್ಡರಿಂಗ್ ಐರನ್ನನ್ನ ಕಾಲಿಗೂ ಬಿಲ್ಲೆಗೂ ಒಟ್ಟಿಗೆ ತಾಗಿಸಿ ಎರಡು ಮೂರು ಸೆಕೆಂಡು ಹಿಡೀಬೇಕು. ಆಮೇಲೆ ಬೆಸುಗೆ ತಂತಿ ಅಲ್ಲಿಗೇ ಮುಟ್ಟಿಸಬೇಕು. ತಂತಿಯೊಳಗೆ ಪೈನ್ ಮರದ ರಾಳ ಇರ್ತದೆ, ಅದು ನವಸಾಗರದ ಕೆಲಸ ಮಾಡ್ತದೆ. ಬೆಸುಗೆ ಕಾಲನ್ನ ತಬ್ಬಿ ಗುಡ್ಡದಂಗೆ ಇಳಿದ್ರೆ ಹಿಡೀತು ಅಂತ. ಉಂಡೆ ಕಟ್ಟಿ ಕೂತ್ರೆ ಹಿಡಿದಿಲ್ಲ. ಆರೋವರೆಗೂ ಅಲ್ಲಾಡಿಸಬಾರದು.

ಒಂದು ಎಚ್ಚರಿಕೆ. ಸೀಸ ಮೈಗೆ ಒಳ್ಳೇದಲ್ಲ. ಯುರೋಪಿನವರು 2006ರ ಜುಲೈ 1ರಿಂದ ಹೊಸ ಎಲೆಕ್ಟ್ರಾನಿಕ್ ಸಾಮಾನಲ್ಲಿ ಅದಕ್ಕೆ ಕಡಿವಾಣ ಹಾಕಿದ್ರು. ಸೀಸ ಇಲ್ಲದ ಬೆಸುಗೆಗೆ 217 ಡಿಗ್ರಿ ಮೇಲೆ ಬೇಕು, ಅದು ಸರಿಯಿದ್ರೂ ಮಂಕಾಗೇ ಕಾಣ್ತದೆ, ಹೊಳಪು ನೋಡಿ ಮೋಸ ಹೋಗಬೇಡಿ. ಅಡುಗೆಮನೇಲಿ ಈ ಕೆಲಸ ಬೇಡ. ಕಿಟಕಿ ತೆಗೆದಿರಲಿ, ಬಸುರಿ ಹೆಂಗಸರು, ಮಕ್ಕಳು ದೂರ ಇರಲಿ, ಮುಗಿದ ಮೇಲೆ ಸೋಪು ಹಾಕಿ ಕೈ ತೊಳೀರಿ.

ಹೊಸ ಕೀಬೋರ್ಡಿಗೆ ದುಡ್ಡು ಹಾಕೋ ಮುಂಚೆ ಒಂದು ಸಲ ಮಗುಚಿ ನೋಡಿ. ಅರ್ಜಿ ಟೈಪ್ ಮಾಡಿಸ್ಕಂಡ ಮೇಲೂ ಅಷ್ಟೇ, ರುಜು ಹಾಕೋ ಮುಂಚೆ ನಿಮ್ಮ ಹೆಸರಿನ ಒತ್ತು ಎಲ್ಲ ಇದಾವಾ ಅಂತ ಎಣಿಸ್ಕಳಿ.